ಹಲ್ಲು ಕಚ್ಚಿಕೊಂಡು ಓದಬೇಡಿ: ಡೆಂಟಲ್ ವಿದ್ಯಾರ್ಥಿಗಳ ಬರ್ನ್‌ಔಟ್‌ಗೆ ಒಂದು ಸಮಗ್ರ ಮಾರ್ಗದರ್ಶಿ

ಪೋಸ್ಟಿಂಗಿನ, ಅಂದರೆ ಒಂದು ವಿಭಾಗದಲ್ಲಿ ಪೇಷಂಟ್‌ಗಳನ್ನು ನೋಡಿ ಕಲಿಯುವ ಸರದಿಯ, ಕೊನೆಯ ದಿನ ಅದು. ಟ್ರೇ ಜೋಡಿಸಿ ಆಗಿತ್ತು. ಲೈಟ್ ಹ್ಯಾಂಡಲ್‌ಗೆ ಕವರ್ ಸುತ್ತಿದ್ದೆ. ಸ್ಟೆರಿಲೈಸ್ ಆಗಿ ಬಂದ ಪೌಚ್ ಇನ್ನೂ ಒಡೆದಿರಲಿಲ್ಲ. ಪೇಷಂಟ್ ಬರಬೇಕಿದ್ದದ್ದು ಒಂಬತ್ತಕ್ಕೆ, ಕಂಪ್ಲೀಟ್ ಡೆಂಚರನ್ನು (ಪೂರ್ತಿ ಹಲ್ಲುಸೆಟ್) ಬಾಯಲ್ಲಿಟ್ಟು ನೋಡುವ ಟ್ರೈ-ಇನ್‌ಗೆ. ಒಂಬತ್ತೂವರೆಗೆ ಫೋನ್ ಮಾಡಿದರೆ ಎತ್ತಲಿಲ್ಲ. ಹತ್ತಕ್ಕೆ ಮಾಡಿದಾಗ ಸ್ವಿಚ್ ಆಫ್. ಮೇಣದಲ್ಲಿ ಜೋಡಿಸಿದ ಹಲ್ಲುಗಳು ಆರ್ಟಿಕ್ಯುಲೇಟರ್ (ದವಡೆಯ ಚಲನೆ ಅನುಕರಿಸುವ ಉಪಕರಣ) ಮೇಲೆ ಕೂತು ನನ್ನನ್ನೇ ನೋಡಿ ನಗುತ್ತಿದ್ದವು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳುವೂ ಬರಲಿಲ್ಲ. ಬಂದದ್ದು ಒಂಥರಾ ನಿರಾಳ: ಸದ್ಯ, ಇವತ್ತು ಯಾರ ಬಾಯಿಗೂ ಕೈ ಹಾಕಬೇಕಾಗಿಲ್ಲ. ಒಂದು ಕೇಸ್ ಬಾಕಿ ಉಳಿದರೆ ಪರೀಕ್ಷೆಗೆ ಕೂರಿಸಲ್ಲ ಅಂತ ಗೊತ್ತಿದ್ದೂ ಹಾಗನ್ನಿಸಿತ್ತು.

ಆಗ ಅದನ್ನು ಸೋಮಾರಿತನ ಅಂದುಕೊಂಡೆ. ನನಗೆ ನಾನೇ ಬೈದುಕೊಂಡು ಇನ್ನೂ ಜಾಸ್ತಿ ಹೊತ್ತು ಕೂತು ಓದಿದೆ. ಪರಿಸ್ಥಿತಿ ಇನ್ನಷ್ಟು ಕೆಟ್ಟಿತು. ಈಗ ಪ್ರಾಕ್ಟೀಸ್ ಮಾಡುತ್ತಾ ಆಗಾಗ ಜೂನಿಯರ್‌ಗಳ ಜೊತೆ ಮಾತಾಡುವಾಗ ಅದೇ ಕಥೆಯನ್ನು ಬೇರೆ ಬೇರೆ ಬಾಯಲ್ಲಿ ಕೇಳುತ್ತೇನೆ. ಅವರಿಗೆಲ್ಲ ಸಿಕ್ಕ ಸಲಹೆಯೂ ಒಂದೇ: "ಹಲ್ಲು ಕಚ್ಚಿಕೊಂಡು ಸ್ವಲ್ಪ ದಿನ ತಡ್ಕೊಳ್ಳಿ, ಎಲ್ಲ ಸರಿಹೋಗುತ್ತೆ." ಹಲ್ಲು ಕಚ್ಚಿಕೊಂಡರೆ ಏನಾಗುತ್ತೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎನಾಮೆಲ್ ಸವೆಯುತ್ತೆ, ದವಡೆ ಬಿಗಿಯುತ್ತೆ, ಕೊನೆಗೊಂದು ದಿನ ಹಲ್ಲೇ ಸೀಳುತ್ತೆ.

ಹಾಗಾಗಿ ತಡೆದುಕೊಳ್ಳುವುದು ಹೇಗೆ ಅಂತ ನಾನು ಹೇಳಿಕೊಡಲ್ಲ. ನಿಮ್ಮ ಶಕ್ತಿ ಎಲ್ಲಿ ಸೋರುತ್ತಿದೆ ಅಂತ ಹುಡುಕಿ, ಆ ತೂತನ್ನು ಮುಚ್ಚುವುದು ಹೇಗೆ ಅಂತ ಹೇಳುತ್ತೇನೆ. ಕ್ಯಾವಿಟಿ ಎಲ್ಲಿದೆ ಅಂತ ನೋಡದೆ ಏರೋಟರ್ (ಹಲ್ಲು ಕೊರೆಯುವ ಯಂತ್ರ) ಹಿಡಿಯಲ್ಲ ಅಲ್ವಾ? ಇಲ್ಲೂ ಹಾಗೇ.

ಮೊದಲು ತಿಳಿಯಬೇಕಾದ್ದು: ಸುಸ್ತೋ, ಬರ್ನ್‌ಔಟೋ?

ಎರಡು ರಾತ್ರಿ ನಿದ್ದೆಗೆಟ್ಟರೂ ಈಗ ಎಲ್ಲರೂ ಬರ್ನ್‌ಔಟ್ ಅಂದುಬಿಡುತ್ತಾರೆ. ಪದಕ್ಕೆ ಅದಕ್ಕಿಂತ ಗಟ್ಟಿ ಅರ್ಥ ಇದೆ. 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ, ಉಚಿತ ಕ್ಲಿನಿಕ್ಕಿನಲ್ಲಿ ದುಡಿಯುವವರು ಹೇಗೆ ಬತ್ತಿಹೋಗುತ್ತಾರೆ ಅಂತ ನೋಡಿ ಇದರ ಬಗ್ಗೆ ಬರೆದರು. ತುಂಬ ಹುರುಪಿನಿಂದ ಬಂದವರೇ ಮೊದಲು ಬಾಡುತ್ತಿದ್ದರು. ಆಮೇಲೆ 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಇದನ್ನು ಅಳೆಯುವ ಪ್ರಶ್ನಾವಳಿ ತಂದರು. 2002ರಲ್ಲಿ ಅದರದೇ ವಿದ್ಯಾರ್ಥಿಗಳ ರೂಪವೂ ಬಂತು. ಅದು ನೋಡುವುದು ಮೂರು ವಿಷಯ. ದಣಿವು. ಓದಿನ ಬಗ್ಗೆ ತಾತ್ಸಾರ. ಮತ್ತೆ "ನನ್ನ ಕೈಲಿ ಏನೂ ಆಗಲ್ಲ" ಅನ್ನೋ ಭಾವನೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಐಸಿಡಿ-11 ಎಂಬ ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಬರ್ನ್‌ಔಟ್ ಇದೆ, ಆದರೆ ಕಾಯಿಲೆ ಅಂತ ಇಲ್ಲ. ತುಂಬ ದಿನದಿಂದ ಇರುವ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಆಗುವಂಥದ್ದು ಅಂತ ಇದೆ. ನಮಗೆ ಇದು ಯಾಕೆ ಮುಖ್ಯ ಅಂದರೆ, ಕಾರಣ ಕೆಲಸದಲ್ಲಿದೆ ಅಂದಮೇಲೆ ಹುಡುಕಬೇಕಾದ್ದೂ ಕೆಲಸದಲ್ಲೇ. ನಿಮ್ಮ ಸ್ವಭಾವದಲ್ಲಿ ಏನೋ ಕೊರತೆ ಇದೆ ಅಂತ ಅಲ್ಲೇ ಕೆದಕುತ್ತಾ ಕೂರಬೇಡಿ.

ಗುರುತಿಸುವುದಕ್ಕೆ ನನ್ನದೊಂದು ಒರಟು ಲೆಕ್ಕ ಇದೆ. ಎರಡು ದಿನ ಚೆನ್ನಾಗಿ ಮಲಗಿದಮೇಲೆ ಹೋದರೆ ಅದು ಸುಸ್ತು. ವಾರ ರಜೆ ಹಾಕಿ ಬಂದು, ಕಾಲೇಜಿನ ಗೇಟ್ ಕಂಡ ಕೂಡಲೇ ಹೊಟ್ಟೆಯಲ್ಲಿ ಕಲ್ಲು ಕೂತಂತಾದರೆ ಬರ್ನ್‌ಔಟ್ ಇರಬಹುದು. ಕಾಲೇಜಿಗೆ ಸಂಬಂಧವೇ ಇಲ್ಲದ, ನಿಮಗೆ ಪ್ರಾಣಕ್ಕಿಂತ ಇಷ್ಟವಾದ ವಿಷಯಗಳೂ ಸಪ್ಪೆ ಅನ್ನಿಸತೊಡಗಿದರೆ ಖಿನ್ನತೆ ಇರಬಹುದು. ಹಾಗಿದ್ದರೆ ಮಧ್ಯದ್ದೆಲ್ಲ ಬಿಟ್ಟು ನೇರವಾಗಿ ಹೆಜ್ಜೆ 9ಕ್ಕೆ ಹೋಗಿ.

ನಮ್ಮ ಕೋರ್ಸಿಗೇ ಅಂಟಿದ ಇನ್ನೊಂದು ಲಕ್ಷಣ ಇದೆ, ಅದು ಬಾಯಿಮಾತಿನಲ್ಲಿ ಸಿಕ್ಕಿಬೀಳುತ್ತೆ. ಪೇಷಂಟ್‌ಗೆ ಹೆಸರು ಹೋಗಿ ಹಲ್ಲಿನ ನಂಬರ್ ಬರುತ್ತೆ. "ಆ 46 ಬಂತಾ?" "ನನಗೊಂದು ಎಕ್ಸ್‌ಟ್ರಾಕ್ಷನ್ ಇದ್ದರೆ ಕೊಡ್ರೋ." ಎಲ್ಲರೂ ಹೀಗೆ ಮಾತಾಡುತ್ತಾರೆ, ನಾನೂ ಆಡಿದ್ದೇನೆ. ಆದರೆ ನೋವಿನಿಂದ ಮುಖ ಹಿಂಡಿಕೊಂಡು ಬಂದ ಮನುಷ್ಯನನ್ನು ನೋಡಿದಾಗಲೂ ತಲೆಯಲ್ಲಿ ನಂಬರ್ ಒಂದೇ ಓಡುತ್ತಿದ್ದರೆ, ಅದು ತಾತ್ಸಾರ ಒಳಗೆ ಇಳಿದಿದೆ ಅನ್ನುವುದರ ಗುರುತು.

ಹೆಜ್ಜೆ 1: ನಿಮ್ಮ ದವಡೆಯನ್ನೇ ಪರೀಕ್ಷೆ ಮಾಡಿ

ನಾಳೆ ಬೆಳಿಗ್ಗೆ ಎದ್ದ ಕೂಡಲೇ, ಫೋನ್ ಮುಟ್ಟುವ ಮುಂಚೆ, ಎರಡೂ ಕೆನ್ನೆಯ ಹಿಂಭಾಗದಲ್ಲಿ ಮ್ಯಾಸೆಟರ್ (ಅಗಿಯುವ ಸ್ನಾಯು) ಮೇಲೆ ಬೆರಳಿಟ್ಟು ಒತ್ತಿ. ನೋಯುತ್ತಾ? ತಲೆಯ ಪಕ್ಕ ಟೆಂಪೊರಾಲಿಸ್ ಸ್ನಾಯು ಬಿಗಿದಿದೆಯಾ? ಕನ್ನಡಿ ಮುಂದೆ ನಾಲಿಗೆ ಚಾಚಿ, ಅಂಚಿನಲ್ಲಿ ಹಲ್ಲಿನ ಅಚ್ಚು ಮೂಡಿದೆಯಾ ನೋಡಿ. ಕೆನ್ನೆಯ ಒಳಗೆ ಬಿಳಿ ಗೆರೆ? ಇವಕ್ಕೆಲ್ಲ ಬೇರೆ ಕಾರಣಗಳೂ ಇರಬಹುದು, ಒಂದು ದಿನ ಕಂಡಿತು ಅಂತ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಎರಡು ವಾರ ದಿನಾ ನೋಡಿದರೆ ಒಂದು ಲೆಕ್ಕ ಸಿಗುತ್ತೆ. ನನಗೆ ಇಂಟರ್ನಲ್ಸ್ (ಕಾಲೇಜಿನ ಆಂತರಿಕ ಪರೀಕ್ಷೆ) ಸಮಯದಲ್ಲಿ ಏನೂ ಇರುತ್ತಿರಲಿಲ್ಲ, ಪ್ರಾಸ್ಥೊ (ಡೆಂಚರ್ ಮಾಡುವ ವಿಭಾಗ) ಪೋಸ್ಟಿಂಗ್ ಬಂದರೆ ಸಾಕು ದವಡೆ ಹಿಡಿದುಕೊಳ್ಳುತ್ತಿತ್ತು. ಪರೀಕ್ಷೆ ನನ್ನ ತೊಂದರೆ ಅಲ್ಲ ಅಂತ ನನಗೆ ತಿಳಿಸಿದ್ದು ನನ್ನ ಮ್ಯಾಸೆಟರ್!

ಫ್ರೀವೇ ಸ್ಪೇಸ್ (ದವಡೆ ಸಡಿಲವಾಗಿದ್ದಾಗ ಮೇಲಿನ, ಕೆಳಗಿನ ಹಲ್ಲುಗಳ ನಡುವಿನ ಅಂತರ) ಎಷ್ಟು ಅಂದರೆ 2ರಿಂದ 4 ಮಿಲಿಮೀಟರ್ ಅಂತ ವೈವಾದಲ್ಲಿ ನಿದ್ದೆಗಣ್ಣಲ್ಲೂ ಹೇಳುತ್ತೀರಿ. ಈಗ ಇದನ್ನು ಓದುವಾಗ ನಿಮ್ಮ ಬಾಯಲ್ಲಿ ಅದು ಇದೆಯಾ? ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ, ನಾಲಿಗೆ ಮೇಲಿನ ಮುಂಹಲ್ಲುಗಳ ಹಿಂದೆ ಸುಮ್ಮನೆ ಒರಗಿರಲಿ. ದಿನಕ್ಕೆ ಹತ್ತು ಸಲ ನೆನಪಾದಾಗೆಲ್ಲ ಇಷ್ಟು ಮಾಡಿ. ಗ್ಲೌಸ್ ಹಾಕುವ ಹೊತ್ತನ್ನೇ ನೆನಪಿಗೆ ಇಟ್ಟುಕೊಂಡರೆ ಸುಲಭ.

ಹೆಜ್ಜೆ 2: ಸೋರುವ ಜಾಗ ಹುಡುಕಿ

ಎರಡು ವಾರ, ದಿನಕ್ಕೆ ಒಂದೇ ಸಾಲು. ರಾತ್ರಿ ಮಲಗುವ ಮುಂಚೆ ಇಷ್ಟೇ ಬರೆಯಿರಿ: ಇವತ್ತು ನನ್ನನ್ನು ಹಿಂಡಿಹಾಕಿದ್ದು ಏನು? "ಸ್ಟ್ರೆಸ್" ಅಂತ ಬರೆದರೆ ಪ್ರಯೋಜನ ಇಲ್ಲ, ಅದು "ಹಲ್ಲು ನೋವು" ಅಂತ ಕೇಸ್ ಹಿಸ್ಟರಿ ಮುಗಿಸಿದ ಹಾಗೆ. ಯಾವ ಹಲ್ಲು, ಯಾವಾಗಿಂದ, ಏನು ತಿಂದರೆ ಜಾಸ್ತಿ, ರಾತ್ರಿ ಹೊತ್ತು ನೋಯುತ್ತಾ ಅಂತೆಲ್ಲ ಪೇಷಂಟ್‌ಗೆ ಕೇಳಲ್ವಾ, ಅಷ್ಟು ವಿವರ ನಿಮ್ಮ ಬಗ್ಗೆಯೂ ಬೇಕು. "ಲಾಗ್‌ಬುಕ್‌ಗೆ ಮೇಷ್ಟರ ಸಿಗ್ನೇಚರ್‌ಗೆ ಒಂದೂವರೆ ಗಂಟೆ ಕಾದೆ, ಅಷ್ಟರಲ್ಲಿ ಪೇಷಂಟ್ ಎದ್ದು ಹೋದರು." ಹೀಗೆ.

ಹದಿನಾಲ್ಕು ಸಾಲು ಆದಮೇಲೆ ಓದಿ ನೋಡಿ. ಹತ್ತು ಬೇರೆ ಬೇರೆ ಕಾರಣ ಸಿಗುತ್ತೆ ಅಂದುಕೊಂಡಿರುತ್ತೀರಿ, ಸಾಮಾನ್ಯವಾಗಿ ಎರಡೋ ಮೂರೋ ಮತ್ತೆ ಮತ್ತೆ ಬಂದಿರುತ್ತೆ. ನಾನು ಕೇಳಿರುವುದರಲ್ಲಿ ಹೆಚ್ಚಾಗಿ ಬರುವುದು ಕಾಯುವುದು, ಕೋಟಾ (ಪೋಸ್ಟಿಂಗಿನಲ್ಲಿ ಮುಗಿಸಲೇಬೇಕಾದ ಕೇಸ್‌ಗಳ ಸಂಖ್ಯೆ), ಎಲ್ಲರೆದುರು ಬೈಸಿಕೊಳ್ಳುವುದು, ಪಕ್ಕದವರ ಕೈಗೆ ತನ್ನ ಕೈ ಹೋಲಿಸಿಕೊಳ್ಳುವುದು, ಬೆನ್ನುನೋವು. ದುಡ್ಡಿನ ಚಿಂತೆ ಬೇರೆ. "ನನಗೆ ಬೇಕಿದ್ದದ್ದು ಮೆಡಿಕಲ್, ಸಿಕ್ಕಿದ್ದು ಇದು" ಅನ್ನುವ ಹಳೇ ಗಾಯವೂ ಕೆಲವರಿಗೆ ಇರುತ್ತೆ, ಅದನ್ನು ಬರೆಯುವುದಕ್ಕೆ ನಾಚಿಕೆ ಬೇಡ. ಇದ್ದರೆ ಅದೇ ಮೊದಲ ಸಾಲು ಆಗಲಿ.

ಮುಂದಿನ ಹೆಜ್ಜೆಗಳಲ್ಲಿ ನಿಮ್ಮ ಪಟ್ಟಿಯಲ್ಲಿ ಇರುವುದನ್ನು ಮಾತ್ರ ಹಿಡಿದುಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರೆ ಈ ಗೈಡೇ ಇನ್ನೊಂದು ಕೋಟಾ ಆಗುತ್ತೆ.

ಹೆಜ್ಜೆ 3: ಕೋಟಾವನ್ನು ಹಿಂದಿನಿಂದ ಎಣಿಸಿ

ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನನ್ನ ಪ್ರಕಾರ ಡೆಂಟಲ್ ವಿದ್ಯಾರ್ಥಿಯ ಅರ್ಧ ರಕ್ತ ಕುಡಿಯುವುದು ಇದೇ. ಬೇರೆ ಕೋರ್ಸಿನವರು ಓದಿದರೆ ಪಾಸ್ ಆಗುತ್ತಾರೆ. ನಾವು ಓದಬೇಕು, ಕೈಯಲ್ಲಿ ಮಾಡಬೇಕು, ಮಾಡುವುದಕ್ಕೆ ಇನ್ನೊಬ್ಬರ ಬಾಯಿ ಬೇಕು, ಆ ಬಾಯಿಯ ಮಾಲೀಕರು ಹೇಳಿದ ದಿನ ಬರಬೇಕು, ಅವರ ಬಿಪಿ, ಶುಗರ್ ಸರಿ ಇರಬೇಕು, ಆ ಹೊತ್ತಿಗೆ ಚೇರ್ ಖಾಲಿ ಇರಬೇಕು, ಸೈನ್ ಹಾಕುವವರು ಡಿಪಾರ್ಟ್‌ಮೆಂಟಿನಲ್ಲಿ ಇರಬೇಕು. ಇದರಲ್ಲಿ ನಮ್ಮ ಕೈಯಲ್ಲಿರುವುದು ಎಷ್ಟು?

ಎಲ್ಲರೂ ಮಾಡುವ ತಪ್ಪು ಅಂದರೆ ಸುಲಭದ್ದನ್ನು ಮೊದಲು ಮುಗಿಸುವುದು. ಸ್ಕೇಲಿಂಗ್ ನಾಲ್ಕು ಆಯಿತು, ಫಿಲ್ಲಿಂಗ್ ಐದು ಆಯಿತು ಅಂತ ಲಾಗ್‌ಬುಕ್ ತುಂಬಿದ ಖುಷಿಯಲ್ಲಿ ಇರುವಾಗ ಉದ್ದದ ಕೇಸ್‌ಗಳು ಹಾಗೇ ಉಳಿದಿರುತ್ತವೆ. ಒಂದು ಕಂಪ್ಲೀಟ್ ಡೆಂಚರ್ ತೆಗೆದುಕೊಳ್ಳಿ: ಪ್ರೈಮರಿ ಇಂಪ್ರೆಷನ್, ಫೈನಲ್ ಇಂಪ್ರೆಷನ್, ಜಾ ರಿಲೇಷನ್ (ಎರಡು ದವಡೆಗಳ ಹೊಂದಾಣಿಕೆ ಅಳೆಯುವುದು), ಟ್ರೈ-ಇನ್, ಇನ್ಸರ್ಷನ್. ಕಡಿಮೆ ಅಂದರೂ 5 ಭೇಟಿ. ನಡುವೆ ಲ್ಯಾಬ್ ಕೆಲಸ ಇರುವುದರಿಂದ ವಾರಕ್ಕೊಂದು ಅಂತ ಇಟ್ಟುಕೊಳ್ಳಿ. ಪೇಷಂಟ್ ಒಂದೆರಡು ಸಲವಾದರೂ ಕೈಕೊಡುತ್ತಾರೆ, ಜಾ ರಿಲೇಷನ್ ಒಂದು ಸಲವಾದರೂ ಮತ್ತೆ ಮಾಡಿಸುತ್ತಾರೆ. ಅಲ್ಲಿಗೆ 8 ವಾರ. ಪೋಸ್ಟಿಂಗ್ ಇರುವುದೇ 8 ವಾರ ಆದರೆ, ಮೊದಲ ವಾರ ಪೇಷಂಟ್ ಹುಡುಕದೆ ಹೋದರೆ ಆಗಲೇ ತಡ ಆಯಿತು.

ಹಾಗಾಗಿ ಪೋಸ್ಟಿಂಗ್ ಶುರುವಾಗುವ ಹಿಂದಿನ ದಿನ ಒಂದು ಹಾಳೆ ತೆಗೆದುಕೊಳ್ಳಿ. ಕೊನೆಯ ದಿನಾಂಕವನ್ನು ಬಲಗಡೆ ಬರೆದು ಎಡಕ್ಕೆ ವಾರಗಳನ್ನು ಎಣಿಸುತ್ತಾ ಬನ್ನಿ. ಜಾಸ್ತಿ ಭೇಟಿ ಬೇಕಾದ ಕೇಸ್ ಮೊದಲು, ಆರ್‌ಸಿಟಿ (ರೂಟ್ ಕೆನಾಲ್ ಚಿಕಿತ್ಸೆ) ಆಮೇಲೆ, ಒಂದೇ ಕೂರಿಕೆಯಲ್ಲಿ ಮುಗಿಯುವುದೆಲ್ಲ ಮಧ್ಯದ ಸಂದುಗಳಿಗೆ. ಕೊನೆಯ ವಾರವನ್ನು ಖಾಲಿ ಬಿಡಿ. ಅದು ತಾನಾಗಿ ತುಂಬಿಕೊಳ್ಳುತ್ತೆ, ಚಿಂತೆ ಬೇಡ.

ಇನ್ನು ಪೇಷಂಟ್ ಬರದೆ ಇರುವುದು. ಆರ್‌ಸಿಟಿ ಶುರು ಮಾಡಿದ ಪೇಷಂಟ್ ಎರಡನೇ ಸಲ ಯಾಕೆ ಬರಲ್ಲ ಗೊತ್ತಾ? ನೀವು ಮೊದಲ ಸಲ ಚೆನ್ನಾಗಿ ಕೆಲಸ ಮಾಡಿರುತ್ತೀರಿ! ಪಲ್ಪ್ ತೆಗೆದಿರಿ, ನೋವು ಹೋಯಿತು, ಅವರ ಲೆಕ್ಕದಲ್ಲಿ ಕಥೆ ಮುಗಿಯಿತು. ಅದಕ್ಕೇ ಮೊದಲ ದಿನ, ಇಂಜೆಕ್ಷನ್ ಕೊಡುವ ಮುಂಚೆಯೇ ಹೇಳಿ: "ಅಮ್ಮಾ, ನಾಳೆ ನೋವು ಇರಲ್ಲ. ಆದರೆ ಕೆಲಸ ಅರ್ಧ ಮಾತ್ರ ಆಗಿರುತ್ತೆ. ಹಾಗೇ ಬಿಟ್ಟರೆ ಮತ್ತೆ ಕೀವು ತುಂಬಬಹುದು." ಹಿಂದಿನ ದಿನ ಸಂಜೆ ಮೆಸೇಜ್ ಕಳಿಸಿ ಕೈ ತೊಳೆದುಕೊಳ್ಳಬೇಡಿ, ಫೋನ್ ಮಾಡಿ ಮಾತಾಡಿ. "ಬರ್ತೀರಾ?" ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ. "ಬರೋಕೆ ಏನಾದ್ರೂ ತೊಂದರೆ ಇದೆಯಾ?" ಅಂತ ಕೇಳಿದರೆ ನಿಜ ಗೊತ್ತಾಗುತ್ತೆ.

ಇನ್ನೂ ಒಂದು. ಬ್ಯಾಚ್‌ನಲ್ಲಿ ನಾಲ್ಕೈದು ಜನ ಸೇರಿ ಒಂದು ಹಂಚಿಕೆ ಹಾಳೆ ಇಟ್ಟುಕೊಳ್ಳಿ. ಯಾರಿಗೆ ಯಾವ ಕೇಸ್ ಬೇಕು, ಯಾರ ಹತ್ತಿರ ಯಾವುದು ಹೆಚ್ಚಿದೆ ಅಂತ. ನಾವು ಮೂರನೇ ವರ್ಷ ಪೂರ್ತಿ ಪೇಷಂಟ್‌ಗಳನ್ನು ಕಳ್ಳಮಾಲಿನ ಹಾಗೆ ಒಬ್ಬರಿಗೊಬ್ಬರು ಬಚ್ಚಿಟ್ಟೆವು. ಕೊನೆಯ ವರ್ಷ ಹಂಚಿಕೊಳ್ಳಲು ಶುರು ಮಾಡಿದಮೇಲೆ ಎಲ್ಲರದ್ದೂ ಬೇಗ ಮುಗಿಯಿತು. ಸೈನ್ ನಾವೇ ಹಾಕಿಕೊಂಡುಬಿಡುವ ಆಸೆ ಯಾರಿಗೆ ಬರಲ್ಲ? ಅದೊಂದು ಮಾತ್ರ ಬೇಡ. ಸಿಕ್ಕಿಬೀಳುವುದು ಒಂದು ಕಡೆ ಇರಲಿ, ಮಾಡದ ಕೆಲಸ ಲಾಗ್‌ಬುಕ್‌ನಲ್ಲಿ ಇದೆ ಅನ್ನುವ ಅಳುಕು ನಿಮ್ಮ ಕೈಮೇಲಿನ ನಂಬಿಕೆಯನ್ನು ತಿಂದುಹಾಕುತ್ತೆ.

ಹೆಜ್ಜೆ 4: ಬೈಗುಳವನ್ನು ಮಿಲಿಮೀಟರಿಗೆ ಇಳಿಸಿ

ಎರಡನೇ ವರ್ಷ, ಫ್ಯಾಂಟಮ್ ಹೆಡ್ (ಅಭ್ಯಾಸಕ್ಕೆ ಇಟ್ಟ ಗೊಂಬೆ ತಲೆ). 36ರಲ್ಲಿ ಕ್ಲಾಸ್ ಟೂ ಕ್ಯಾವಿಟಿ, ಎರಡು ಗಂಟೆ ಕೂತು ಮಾಡಿದ್ದೆ. ನೋಡಲು ಬಂದ ಮೇಷ್ಟರು ಎಕ್ಸ್‌ಪ್ಲೋರರ್ (ಚೂಪು ತುದಿಯ ಉಪಕರಣ) ಅನ್ನು ಒಂದು ಸುತ್ತು ಆಡಿಸಿ, "ಇದೇನಿದು, ಬಾವಿ ತೋಡಿದ್ದೀಯಾ?" ಅಂದು ಮುಂದೆ ಹೋದರು. ಸುತ್ತ ಇದ್ದವರೆಲ್ಲ ನಕ್ಕರು. ಆ ರಾತ್ರಿ ನನ್ನ ತಲೆಯಲ್ಲಿ ಉಳಿದದ್ದು ಬಾವಿ ಒಂದೇ. ಅಮಾಲ್ಗಮ್‌ಗೆ ಪಲ್ಪಲ್ ಫ್ಲೋರ್ (ಕ್ಯಾವಿಟಿಯ ತಳ) 1.5ರಿಂದ 2 ಮಿಲಿಮೀಟರ್ ಆಳ ಇರಬೇಕು, ನನ್ನದು 3 ದಾಟಿತ್ತು. ಅವರು ಹೇಳಬೇಕಿದ್ದದ್ದು ಅಷ್ಟೇ. ಹೇಳಲಿಲ್ಲ. ನಾನೂ ಕೇಳಲಿಲ್ಲ. ಮುಂದಿನ ಸಲ ಹೆದರಿ ಹೆದರಿ 1 ಮಿಲಿಮೀಟರಿಗೆ ನಿಲ್ಲಿಸಿ ಮತ್ತೆ ಬೈಸಿಕೊಂಡೆ.

ಆಮೇಲೆ ಒಬ್ಬ ಸೀನಿಯರ್ ಅಕ್ಕ ಒಂದು ಉಪಾಯ ಹೇಳಿಕೊಟ್ಟರು. ಯಾರು ಏನೇ ಅಂದರೂ ಅದನ್ನು ಅಳತೆಗೆ ಬದಲಾಯಿಸಿ ಬರೆದುಕೋ. "ಬಾವಿ" ಅಂದರೆ ಆಳ 1 ಮಿಲಿಮೀಟರ್ ಜಾಸ್ತಿ. "ಹೊಲಸಾಗಿದೆ" ಅಂದರೆ ಗೋಡೆ ನುಣುಪಿಲ್ಲ. "ನಿನಗೆ ಕೈಯೇ ಇಲ್ಲ" ಅಂದರೆ ಅಳತೆ ಇಲ್ಲ, ಹಾಗಾಗಿ ಬರೆಯುವುದಕ್ಕೂ ಏನೂ ಇಲ್ಲ, ಬಿಟ್ಟುಬಿಡು. ಮೊದಮೊದಲು ತಮಾಷೆ ಅನ್ನಿಸಿತು. ಆದರೆ ಕೆಲಸ ಮಾಡಿತು. ಅಳತೆಯನ್ನು ತಿದ್ದಬಹುದು, ಅವಮಾನವನ್ನು ಹೇಗೆ ತಿದ್ದುತ್ತೀರಿ?

ತೋರಿಸುವಾಗ "ಹೇಗಿದೆ ಸರ್?" ಅಂತ ಕೇಳಬೇಡಿ. "ಮೇಡಂ, ಇದರಲ್ಲಿ ಒಂದೇ ಒಂದು ತಿದ್ದೋದಾದ್ರೆ ಯಾವುದು ತಿದ್ದಲಿ?" ಅಂತ ಕೇಳಿ. ತುಂಬ ಬಿಗಿ ಇರುವವರೂ ಇದಕ್ಕೆ ಉತ್ತರ ಕೊಡುತ್ತಾರೆ. ನೀವು ಮಾಡಿದ ಪ್ರತಿ ಟೈಪೋಡಾಂಟ್ (ಅಭ್ಯಾಸದ ಕೃತಕ) ಹಲ್ಲು, ವ್ಯಾಕ್ಸ್ ಕಾರ್ವಿಂಗ್ ಫೋಟೊ ತೆಗೆದು ದಿನಾಂಕ ಹಾಕಿ ಇಡಿ. ಪಕ್ಕದವರ ಕೈ ನೋಡಿ ಹೊಟ್ಟೆ ಉರಿದಾಗ, ಮೂರು ತಿಂಗಳ ಹಿಂದಿನ ನಿಮ್ಮದೇ ಫೋಟೊ ತೆರೆದು ನೋಡಿ. ಮಿರರ್‌ನಲ್ಲಿ ನೋಡಿಕೊಂಡು ಕೆಲಸ ಮಾಡುವುದು, ಬೆರಳಿನ ಆಸರೆ ಹಿಡಿಯುವುದು, ಇವೆಲ್ಲ ಸೈಕಲ್ ಕಲಿತ ಹಾಗೆ: ಕೆಲವರಿಗೆ ವಾರದಲ್ಲಿ ಕೂರುತ್ತೆ, ಕೆಲವರಿಗೆ ಆರು ತಿಂಗಳು.

ಆದರೆ ಒಂದು ಗೆರೆ ಇದೆ. ಪೇಷಂಟ್ ಎದುರು ಮತ್ತೆ ಮತ್ತೆ ಹೀಯಾಳಿಸುವುದು, ಜಾತಿ, ಬಣ್ಣ, ಭಾಷೆ ಎತ್ತಿ ಆಡುವುದು, ಮೈ ಮುಟ್ಟುವುದು, ಸೈನ್ ಬೇಕಾದರೆ ಮನೆಗೆಲಸ ಮಾಡಿಕೊಡು ಅನ್ನುವುದು, ಇವಕ್ಕೆಲ್ಲ ಗಟ್ಟಿಯಾಗುವುದು ಔಷಧಿ ಅಲ್ಲ. ದಿನಾಂಕ, ಸಮಯ, ಆಡಿದ ಮಾತು, ಅಲ್ಲಿದ್ದವರು, ಎಲ್ಲ ಬರೆದಿಡಿ. ನಂಬಿಕೆ ಇರುವ ಇನ್ನೊಬ್ಬ ಮೇಷ್ಟರಿಗೋ, ಕಾಲೇಜಿನ ದೂರು ಸಮಿತಿಗೋ ಕೊಡಿ. ಒಬ್ಬರೇ ಹೋಗಬೇಡಿ.

ಹೆಜ್ಜೆ 5: ಮೈ

ಬೇಗ ಹೇಳಿ ಮುಗಿಸುತ್ತೇನೆ, ಎಲ್ಲರಿಗೂ ಗೊತ್ತಿರುವುದೇ, ಯಾರೂ ಮಾಡದೇ ಇರುವುದೇ. ಪೇಷಂಟ್ ಬಾಯಿ ನಿಮ್ಮ ಮೊಣಕೈ ಎತ್ತರಕ್ಕೆ ಬರಲಿ. ಮೇಲಿನ ಹಲ್ಲಾದರೆ ಅವರನ್ನು ಪೂರ್ತಿ ಮಲಗಿಸಿ ಗಲ್ಲ ಎತ್ತಿಸಿ, ನೀವು ಬಗ್ಗಬೇಡಿ. "ಸ್ವಲ್ಪ ನನ್ನ ಕಡೆ ತಿರುಗಿ" ಅನ್ನುವ ನಾಲ್ಕು ಪದ ಹೇಳುವುದಕ್ಕೆ ಸಂಕೋಚಪಟ್ಟು ನಾವು ಐದು ವರ್ಷ ಕುತ್ತಿಗೆ ಮುರಿದುಕೊಳ್ಳುತ್ತೇವೆ. ಪ್ರತಿ ಪೇಷಂಟ್ ಆದಮೇಲೆ ಎದ್ದು ಭುಜ ಹಿಂದಕ್ಕೆ ಎಳೆದು, ದೂರದ ಗೋಡೆ ನೋಡಿ.

ನಿದ್ದೆ 7 ಗಂಟೆಗಿಂತ ಕಡಿಮೆ ಬೇಡ. ಕೆಫೀನ್ ಅರ್ಧದಷ್ಟು ಇಳಿಯುವುದಕ್ಕೇ ಸುಮಾರು 5 ಗಂಟೆ ಬೇಕು, ಸಂಜೆ ಆರಕ್ಕೆ ಕುಡಿದಿದ್ದು ರಾತ್ರಿ ಹನ್ನೊಂದಕ್ಕೂ ಅರ್ಧ ಉಳಿದಿರುತ್ತೆ. ಬೆಳಿಗ್ಗೆ ಹೊಟ್ಟೆಗೆ ಏನೂ ಹಾಕದೆ ಎಕ್ಸ್‌ಟ್ರಾಕ್ಷನ್‌ಗೆ ನಿಂತು ಪೇಷಂಟ್‌ಗಿಂತ ಮೊದಲು ತಾವೇ ತಲೆಸುತ್ತಿ ಬಿದ್ದವರನ್ನು ನೋಡಿದ್ದೇನೆ. ಕೈ ನಡುಗಿದರೆ ಉಸಿರನ್ನು ಒಳಗೆ ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ, ನಾಲ್ಕೈದು ಸಲ, ಮಾಸ್ಕ್ ಒಳಗೇ. ಯಾರಿಗೂ ಗೊತ್ತಾಗಲ್ಲ.

ಹೆಜ್ಜೆ 6: ಕೆಲಸ ಕೆಟ್ಟ ದಿನ ಏನು ಮಾಡಬೇಕು

ಹಲ್ಲಿನ ಬೇರಿನ ಕೆನಾಲ್ ಒಳಗೆ ಫೈಲ್ (ಅದನ್ನು ಸ್ವಚ್ಛ ಮಾಡುವ ತೆಳು ಉಪಕರಣ) ಮುರಿಯುತ್ತೆ. ಇವತ್ತಲ್ಲ ನಾಳೆ, ಎಲ್ಲರಿಗೂ ಆಗುತ್ತೆ. ಹೊರಗೆ ತೆಗೆದಾಗ 25 ಮಿಲಿಮೀಟರ್ ಇದ್ದ ಫೈಲ್ ಮೋಟಾಗಿರುತ್ತೆ, ಕಿವಿಯಲ್ಲಿ ಗುಂಯ್ ಅನ್ನುತ್ತೆ. ಆ ಕ್ಷಣಕ್ಕೆ ಒಂದು ಕ್ರಮ ಮೊದಲೇ ಗೊತ್ತಿರಲಿ. ಕೈ ನಿಲ್ಲಿಸಿ. ಅದನ್ನು ಹಿಡಿಯಲು ಹೋಗಿ ಇನ್ನೊಂದು ಫೈಲ್ ತುರುಕಬೇಡಿ. ಕೈಯಲ್ಲಿ ಉಳಿದ ತುಂಡನ್ನು ಇಟ್ಟುಕೊಳ್ಳಿ, ಮೇಲ್ವಿಚಾರಕರನ್ನು ಕರೆಯಿರಿ, ಎಕ್ಸ್‌ರೇ ತೆಗೆಯಿರಿ. ಪೇಷಂಟ್‌ಗೆ ಹೇಳಿ, ಅವರ ಕೇಸ್ ದಾಖಲೆಯಲ್ಲಿ ಬರೆಯಿರಿ. ಕೆನಾಲ್ ಒಳಗೆ ಉಳಿದ ತುಂಡನ್ನು ಯಾವಾಗಲೂ ತೆಗೆಯಲೇಬೇಕು ಅಂತಿಲ್ಲ. ಎಲ್ಲಿ ಮುರಿದಿದೆ, ಅಷ್ಟರಲ್ಲಿ ಕೆನಾಲ್ ಎಷ್ಟು ಸ್ವಚ್ಛವಾಗಿತ್ತು, ಸೋಂಕು ಇತ್ತಾ ಅನ್ನುವುದರ ಮೇಲೆ ನಿರ್ಧಾರ. ಅದು ನಿಮ್ಮೊಬ್ಬರ ನಿರ್ಧಾರವೂ ಅಲ್ಲ.

ಆಮೇಲೆ ನಿಮ್ಮ ಸರದಿ. ಅವತ್ತೇ ಒಬ್ಬರ ಹತ್ತಿರ ಪೂರ್ತಿ ಹೇಳಿ. ಸಮಾಧಾನ ಮಾಡುವವರಿಗಿಂತ ತಾವೂ ಫೈಲ್ ಮುರಿದಿರುವವರು ಒಳ್ಳೆಯದು. ಮರುದಿನ ಅದೇ ಚೇರ್‌ಗೆ ಹೋಗಿ ಚಿಕ್ಕದೊಂದು ಕೆಲಸ ಮಾಡಿ, ಸ್ಕೇಲಿಂಗ್ ಆದರೂ ಸರಿ. ಕಷ್ಟ ಬಂದಾಗ ಅಲ್ಲಾಡದೆ ನಿಲ್ಲುವವರನ್ನು ನಾವು ಗಟ್ಟಿಗರು ಅಂತೀವಿ. ಸಂಶೋಧಕರು ಇದನ್ನು ಅಳೆಯಲು 2008ರಲ್ಲಿ ತಂದ 6 ಪ್ರಶ್ನೆಗಳ ಚಿಕ್ಕ ಮಾಪಕ ಕೇಳುವುದು ಬೇರೆಯೇ: ಬಿದ್ದಮೇಲೆ ಎಷ್ಟು ಬೇಗ ವಾಪಸ್ ಬರುತ್ತೀರಿ? ಅಂದರೆ ನೀವು ಅತ್ತಿದ್ದು, ಊಟ ಬಿಟ್ಟಿದ್ದು ಲೆಕ್ಕಕ್ಕಿಲ್ಲ. ನೋಡಬೇಕಾದ್ದು ಕಳೆದ ಸಲ ಚೇತರಿಸಿಕೊಳ್ಳಲು ಹತ್ತು ದಿನ ಬೇಕಾಗಿದ್ದದ್ದು ಈ ಸಲ ನಾಲ್ಕಕ್ಕೆ ಇಳಿದಿದೆಯಾ ಅಂತ.

ಹೆಜ್ಜೆ 7: ಒಬ್ಬರು ಸಾಕು

ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಅವರ ತಂಡ ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಸುಮಾರು 700 ಮಕ್ಕಳನ್ನು ದಶಕಗಟ್ಟಲೆ ಹಿಂಬಾಲಿಸಿದರು. ಬಡತನ, ಒಡೆದ ಮನೆ ಅಂತ ತುಂಬ ಕಷ್ಟದಲ್ಲಿ ಬೆಳೆದ ಮಕ್ಕಳಲ್ಲೂ ಸುಮಾರು ಮೂರರಲ್ಲಿ ಒಬ್ಬರು ಚೆನ್ನಾಗಿಯೇ ಬದುಕು ಕಟ್ಟಿಕೊಂಡರು. ಅಂಥವರಲ್ಲಿ ಪದೇ ಪದೇ ಕಂಡ ಒಂದು ವಿಷಯ, ಅವರ ಜೊತೆ ಗಟ್ಟಿಯಾಗಿ ನಿಂತ ಒಬ್ಬರಾದರೂ ದೊಡ್ಡವರು ಇದ್ದರು.

ನಮಗೂ ಅಷ್ಟೇ, ನೂರು ಜನರ ಬ್ಯಾಚ್ ಗ್ರೂಪ್ ಬೇಕಾಗಿಲ್ಲ. ಆ ಗ್ರೂಪ್ ಬಹಳ ಸಲ ಕೆಡಿಸುವುದೇ ಜಾಸ್ತಿ: "ನಂದು ಎಲ್ಲ ಮುಗೀತು, ನಿಂದು?" ಪೋಸ್ಟಿಂಗಿನ ಕೊನೆಯ ಎರಡು ವಾರ ಅದನ್ನು ಮ್ಯೂಟ್ ಮಾಡಿ. ನಿಮಗಿಂತ ಎರಡು ವರ್ಷ ದೊಡ್ಡವರೊಬ್ಬರನ್ನು ಹಿಡಿದುಕೊಳ್ಳಿ, ಹದಿನೈದು ದಿನಕ್ಕೊಮ್ಮೆ ಇಪ್ಪತ್ತು ನಿಮಿಷ ಮಾತಾಡಿ. ಅವರಿಗೆ ಹೊರೆ ಆಗುತ್ತೆ ಅನ್ನಿಸಿದರೆ ನಿಮ್ಮ ಜೂನಿಯರ್ ಒಬ್ಬರು ಹೀಗೇ ಕೇಳಿಕೊಂಡು ಬಂದರೆ ನಿಮಗೆ ಹೇಗನ್ನಿಸುತ್ತೆ ಯೋಚಿಸಿ. ಖುಷಿಯೇ ಆಗುತ್ತೆ ಅಲ್ವಾ?

ಹೆಜ್ಜೆ 8: ಹಲ್ಲಿಲ್ಲದ ಅರ್ಧ ದಿನ

ವಾರದಲ್ಲಿ ಅರ್ಧ ದಿನ ಹಲ್ಲಿನ ಮಾತು, ಪುಸ್ತಕ, ರೀಲ್ಸ್ ಯಾವುದೂ ಬೇಡ. ಸುಮ್ನೆ ಬಿದ್ದುಕೊಂಡು ಫೋನ್ ತಿಕ್ಕುತ್ತಾ ಕೂತರೆ ಅದು ವಿಶ್ರಾಂತಿ ಅಲ್ಲ, ತಲೆ ಅಲ್ಲೇ ಸುತ್ತುತ್ತಿರುತ್ತೆ. ಯಾರೂ ಸೈನ್ ಹಾಕದ, ಯಾರೂ ಮಾರ್ಕ್ಸ್ ಕೊಡದ ಕೆಲಸ ಒಂದಿರಲಿ. ಚಿತ್ರ ಬಿಡಿಸುವುದೋ, ಈಜುವುದೋ, ಗಿಡ ನೆಡುವುದೋ, ಏನಾದರೂ. ನನ್ನ ಗೆಳೆಯನೊಬ್ಬ ಮುರಿದ ವಾಚು ಬಿಚ್ಚಿ ಜೋಡಿಸುತ್ತಿದ್ದ. ಅದೂ ಒಂಥರಾ ಆರ್‌ಸಿಟಿಯೇ ಅಂತ ನಾವು ರೇಗಿಸುತ್ತಿದ್ದೆವು, ಆದರೆ ಅವನ ಮುಖ ನೋಡಿದರೆ ನಮಗಿಂತ ಆರಾಮಾಗಿದ್ದ.

ಹೆಜ್ಜೆ 9: ಇಷ್ಟಕ್ಕೆ ನಿಲ್ಲದಿದ್ದರೆ

ಎರಡು ವಾರಕ್ಕಿಂತ ಜಾಸ್ತಿ ದಿನ ಮನಸ್ಸು ಕುಸಿದೇ ಇದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ ಮತ್ತು ಹಸಿವು ಎರಡೂ ಕೆಟ್ಟಿದ್ದರೆ, ಮಾತ್ರೆ ಅಥವಾ ಕುಡಿತ ಇಲ್ಲದೆ ದಿನ ದೂಡಲು ಆಗದಿದ್ದರೆ, ನೋಟ್‌ಬುಕ್ ಪಕ್ಕಕ್ಕಿಟ್ಟು ಮನೋವೈದ್ಯರನ್ನೋ ಕೌನ್ಸೆಲರ್ ಅನ್ನೋ ಕಾಣಿ. ನಮ್ಮ ಕೈಗೆ ನೋವಿನ ಮಾತ್ರೆ, ನಿದ್ದೆ ಮಾತ್ರೆ ಬೇರೆಯವರಿಗಿಂತ ಸುಲಭವಾಗಿ ಸಿಗುತ್ತವೆ, ಅದು ಗಮನದಲ್ಲಿರಲಿ. ತಾವೇ ಬರೆದುಕೊಂಡು ನುಂಗಬೇಡಿ.

ಸಾಯಬೇಕು ಅನ್ನಿಸಿದರೆ ನಾಳೆಯವರೆಗೆ ಕಾಯಬೇಡಿ. ಈಗಲೇ, ಪಕ್ಕದಲ್ಲಿ ಯಾರಿದ್ದಾರೋ ಅವರಿಗೆ ಬಾಯಿಬಿಟ್ಟು ಹೇಳಿ, ಒಬ್ಬರೇ ಇರಬೇಡಿ, ನಿಮ್ಮಲ್ಲಿನ ಸಹಾಯವಾಣಿಗೋ ತುರ್ತು ಚಿಕಿತ್ಸಾ ವಿಭಾಗಕ್ಕೋ ಹೋಗಿ. ನಿಮ್ಮ ರೂಮ್‌ಮೇಟ್ ಹಾಗೆ ಹೇಳಿದರೆ "ಛೇ, ಹಾಗೆಲ್ಲ ಅನ್ನಬಾರದು" ಅಂತ ಬಾಯಿ ಮುಚ್ಚಿಸಬೇಡಿ. ಪಕ್ಕದಲ್ಲಿ ಕೂತು, ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟಿಕೊಳ್ಳಲ್ಲ. ಆಮೇಲೆ ಅವರನ್ನು ಒಬ್ಬರನ್ನೇ ಬಿಡದೆ ಕರೆದುಕೊಂಡು ಹೋಗಿ.

ಆರು ತಿಂಗಳು ಬಿಡುವು ತೆಗೆದುಕೊಳ್ಳುವುದು, ಒಂದು ವಿಷಯವನ್ನು ಮುಂದಿನ ಸಲಕ್ಕೆ ಇಡುವುದು, ಕೋರ್ಸೇ ನನ್ನದಲ್ಲ ಅಂತ ಹೊರಡುವುದು, ಇವೂ ದಾರಿಗಳೇ. ಆದರೆ ಪೋಸ್ಟಿಂಗ್ ಮುಗಿಯುವ ವಾರ, ರಾತ್ರಿ ಎರಡು ಗಂಟೆಗೆ ಈ ನಿರ್ಧಾರ ಮಾಡಬೇಡಿ. ನಾಲ್ಕು ದಿನ ನಿದ್ದೆ ಆದಮೇಲೆ, ಹಗಲು ಹೊತ್ತು, ಇನ್ನೊಬ್ಬರ ಜೊತೆ ಕೂತು ಮಾಡಿ.

ಹೆಜ್ಜೆ 10: ಡಿಪಾರ್ಟ್‌ಮೆಂಟಿಗೂ ಒಂದು ಟ್ರೀಟ್‌ಮೆಂಟ್ ಪ್ಲ್ಯಾನ್

ಇಷ್ಟೆಲ್ಲ ಹೇಳಿದಮೇಲೂ ಒಂದು ಮಾತು ಹೇಳದಿದ್ದರೆ ಮೋಸ ಆಗುತ್ತೆ. ಕೆಲವು ತೂತುಗಳು ನಿಮ್ಮ ಬಿಂದಿಗೆಯಲ್ಲಿ ಇಲ್ಲ, ಬಾವಿಯಲ್ಲೇ ಇವೆ. ವೈದ್ಯರ ಬರ್ನ್‌ಔಟ್ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ 2017ರಲ್ಲಿ ಬಂದ ಒಂದು ವಿಶ್ಲೇಷಣೆಯಲ್ಲಿ, ಒಬ್ಬೊಬ್ಬರಿಗೆ ಧ್ಯಾನ, ತರಬೇತಿ ಕೊಟ್ಟದ್ದಕ್ಕಿಂತ ಕೆಲಸದ ವ್ಯವಸ್ಥೆಯನ್ನೇ ಬದಲಿಸಿದಾಗ ಪರಿಣಾಮ ಹೆಚ್ಚು ಕಂಡಿತ್ತು. ಕಾಲೇಜುಗಳು ಯೋಗ ದಿನ ಮಾಡಿ ಫೋಟೊ ಹಾಕುವುದನ್ನು ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತೆ.

ಹಾಗಂತ "ನಮ್ಮ ಮೇಲೆ ಒತ್ತಡ ಜಾಸ್ತಿ" ಅಂತ ಮನವಿ ಕೊಟ್ಟರೆ ಯಾರೂ ಓದಲ್ಲ. ಹೆಜ್ಜೆ 2ರ ಹಾಳೆಗಳನ್ನು ಹತ್ತು ಜನ ಸೇರಿ ಒಟ್ಟಿಗೆ ಇಡಿ. ಎಲ್ಲರ ಹಾಳೆಯಲ್ಲೂ ಇರುವ ಒಂದೇ ಒಂದು ವಿಷಯ ಆರಿಸಿ. ಅದಕ್ಕೆ ದುಡ್ಡು ಬೇಡದ, ಒಂದು ತಿಂಗಳು ಪ್ರಯೋಗ ಮಾಡಿ ನೋಡಬಹುದಾದ ಪರಿಹಾರ ಯೋಚಿಸಿಕೊಂಡು ಹೋಗಿ.

ನಮ್ಮ ಬ್ಯಾಚಿನಲ್ಲಿ ಎಲ್ಲರ ಹಾಳೆಯಲ್ಲೂ ಇದ್ದದ್ದು ಸೈನ್‌ಗೆ ಕಾಯುವುದು. ಕ್ಲಾಸ್ ರೆಪ್ ಮತ್ತು ಇನ್ನಿಬ್ಬರು ಹೋಗಿ ಕೇಳಿದ್ದು ಇಷ್ಟೇ: "ಸರ್, ಯಾವ ಹೊತ್ತಿಗೆ ಯಾರು ಚೆಕ್ ಮಾಡ್ತಾರೆ ಅಂತ ಬೋರ್ಡ್ ಮೇಲೆ ಬರೆದರೆ ಸಾಕು." ಮೊದಲ ವಾರ ಯಾರೂ ಬರೆಯಲಿಲ್ಲ. ಎರಡನೇ ವಾರ ನಾವೇ ಚಾಕ್‌ಪೀಸ್ ಹಿಡಿದು ಖಾಲಿ ಪಟ್ಟಿ ಗೀಚಿದೆವು, ಹೆಸರುಗಳ ಜಾಗ ಬಿಟ್ಟು. ಬುಧವಾರ ಬೆಳಿಗ್ಗೆ ನೋಡಿದರೆ ಹತ್ತೂವರೆಯಿಂದ ಹನ್ನೊಂದರ ಮುಂದೆ ಯಾರೋ ಒಬ್ಬರು ತಮ್ಮ ಹೆಸರು ಬರೆದು ಹೋಗಿದ್ದರು. ಅವತ್ತು ನನ್ನ ಪೇಷಂಟ್ ಹನ್ನೊಂದೂಕಾಲಿಗೆ ಮನೆಗೆ ಹೊರಟರು.